ನಿಮ್ಮ ರೇಡಿಯೋ ಸ್ವಲ್ಪ ಕಮ್ಮಿ ಮಾಡಿ

ಇದು ನಡೆದದ್ದೇ. ಕಟ್ಟುಕತೆಯಾಗಿದ್ದರೆ ಇನ್ನೂ ಚೆನ್ನಾಗಿ ಕಟ್ಟಬಹುದಿತ್ತು. ನಿಜವಾದ್ದರಿಂದ ಇದ್ದದ್ದನ್ನು ಇದ್ದ ಹಾಗೇ ಹೇಳದೆ ಗತ್ಯಂತರವಿಲ್ಲ.

ಮಾರುಕಟ್ಟೆ ಕಟ್ಟಡದ ಎರಡನೇ ಮಹಡಿಯಲ್ಲಿ, ಹೊಲಿಗೆ ಅಂಗಡಿಯ ಮೇಲೆ, ಆ ಊರಿನ ಪುಟ್ಟ ರೇಡಿಯೋ ಕೇಂದ್ರ. ಗೋಡೆಗೆಲ್ಲ ಹಳೇ ಜಮಖಾನ ಹೊಡೆದ ಒಂದು ಸ್ಟುಡಿಯೋ, ಗಾಜಿನಾಚೆ ಕಂಟ್ರೋಲ್ ರೂಮು, ಕಾರಿಡಾರಿನ ಕೊನೆಗೆ ಮ್ಯಾನೇಜರ ಕೋಣೆ. ಸ್ಟುಡಿಯೋದಲ್ಲಿ ಕೂರುತ್ತಿದ್ದವನನ್ನು ಎಲ್ಲರೂ ಗಿಳಿ ಅನ್ನುತ್ತಿದ್ದರು. ಗಂಟಲು ಅವನದು, ಧ್ವನಿ ಮಾತ್ರ ಊರವರದು. ನೀರಿಲ್ಲದ ನಲ್ಲಿ ಕೆಮ್ಮುವುದರಿಂದ ಹಿಡಿದು ಬ್ಯಾಂಕಿನ ಕ್ಯಾಷಿಯರ್ ಆಕಳಿಸುವುದರವರೆಗೆ ಅವನಿಗೆ ಬಾರದ ಸದ್ದಿಲ್ಲ.

ಅವನ ಹೊಟ್ಟೆಪಾಡು, ಹೆಮ್ಮೆ ಎರಡೂ ‘ನಾಲ್ಕರ ಹರಟೆ’. ಸಂಜೆ ನಾಲ್ಕಕ್ಕೆ ಊರವರು ಫೋನ್ ಮಾಡುವುದು, ಇವನು ಮಾತಿಗೆಳೆಯುವುದು. ಖಾಯಂ ಗಿರಾಕಿಗಳು ಇಬ್ಬರು. ತಮ್ಮ ರಸ್ತೆಯ ದೀಪ ಉರಿಯುತ್ತಿಲ್ಲವೆಂದು ವರ್ಷಗಟ್ಟಲೆ ವರದಿ ಒಪ್ಪಿಸುತ್ತ ಬಂದಿದ್ದ ನಿವೃತ್ತ ಮೇಷ್ಟ್ರು ಒಬ್ಬರು; ಹಿಂದಿನ ಬೀದಿಯ ಅಜ್ಜಿ ಇನ್ನೊಬ್ಬರು. ಅಜ್ಜಿ ಮೊದಲು ತನ್ನ ಮಂಡಿಯ ಸಮಾಚಾರ ಹೇಳಿ, ಆಮೇಲೆ ಪ್ರಪಂಚದ್ದಕ್ಕೆ ಬರುತ್ತಿದ್ದಳು.

ಹೀಗಿರುವಾಗ ಹೊಸ ಮ್ಯಾನೇಜರ್ ಬಂದರು. ಹಿಂದೆ ಸೋಪಿನ ಕಂಪನಿಯಲ್ಲಿದ್ದವರು. ಮಾತಿನಲ್ಲಿ ನೊರೆ ಜಾಸ್ತಿ. ಪ್ರತಿ ಮಾತಿನ ಬಾಲಕ್ಕೂ ಒಂದು “ಅರ್ಥ ಆಯ್ತಲ್ಲ?” ಕಟ್ಟುತ್ತಿದ್ದರು. ಶುಕ್ರವಾರ ಬೆಳಿಗ್ಗೆ ಮೀಟಿಂಗ್ ಕರೆದರು.

“ಈ ಹರಟೆಗೆ ಫೋನ್ ಮಾಡೋರು ಯಾರು? ಒಬ್ಬರಿಗೆ ದೀಪ ಸರಿ ಇಲ್ಲ, ಒಬ್ಬರಿಗೆ ಮಂಡಿ ಸರಿ ಇಲ್ಲ. ಇದನ್ನ ಕೇಳೋರು ಯಾರು? ನಾನು ‘ಗೆಲುವಿನ ಗುಟ್ಟು’ ಅಂತ ಭಾಷಣ ರೆಕಾರ್ಡ್ ಮಾಡಿದ್ದೀನಿ. ಇವತ್ತು ನಾಲ್ಕಕ್ಕೆ ಅದನ್ನ ಹಾಕಿ, ಆಮೇಲೆ ಜನರ ಫೋನ್ ತಗೊಳ್ಳಿ. ಮೆಚ್ಚಿಕೊಂಡರೆ ಸೋಮವಾರದಿಂದ ದಿನಾ ಅದೇ. ಅರ್ಥ ಆಯ್ತಲ್ಲ?”

“ನಾನು, ಸಾರ್?” ಎಂದ ಗಿಳಿ.

“ನೀನು ಜಾಹೀರಾತು ವಿಭಾಗ. ಅಂಗಡಿ ಅಂಗಡಿಗೆ ಹೋಗಿ ಜಾಹೀರಾತು ತರ್ತೀಯ. ಮಾತಿದೆಯಲ್ಲ ನಿನ್ ಹತ್ರ.”

ಮೈಕಿನ ಮುಂದೆ ಹುಲಿಯಾಗಿದ್ದವನು ಬಗಲಲ್ಲಿ ಬ್ಯಾಗು ಸಿಕ್ಕಿಸಿಕೊಂಡು ಪಾತ್ರೆ ಅಂಗಡಿಯ ಮುಂದೆ ಹಲ್ಲು ಗಿಂಜುವುದೆಂದರೆ ಏನು? ಗಿಳಿ ಮಧ್ಯಾಹ್ನದ ಊಟಕ್ಕೆ ಕೂರಲಿಲ್ಲ. ಡಬ್ಬಿ ಎತ್ತಿಕೊಂಡು ಕಂಟ್ರೋಲ್ ರೂಮಿಗೆ ಬಂದ.

ಅಲ್ಲಿನ ಒಡತಿ ಫ್ಯೂಸಕ್ಕ. ಕೇಂದ್ರದ ಏಕೈಕ ತಂತ್ರಜ್ಞೆ. ಯಾವ ಫ್ಯೂಸು ಯಾವಾಗ ಹಾರುತ್ತದೆಂಬುದು ಆಕೆಗೆ ಗೊತ್ತಿತ್ತು. ಆಕೆಯದು ಯಾವಾಗ ಹಾರುತ್ತದೆಂಬುದು ಯಾರಿಗೂ ಗೊತ್ತಿರಲಿಲ್ಲ.

“ಅಕ್ಕ, ನಾನೇ ನಾಲ್ಕು ಧ್ವನಿಯಲ್ಲಿ ಫೋನ್ ಮಾಡಿ ಆ ಭಾಷಣವನ್ನ ಬೈದುಬಿಡ್ಲಾ?”

“ಛೀ. ಊರಿಗೆ ಸುಳ್ಳು ಹೇಳೋಕೆ ನನ್ನ ಮೆಷಿನ್ ಕೊಡಲ್ಲ.” ಅಕ್ಕ ಸ್ಕ್ರೂಡ್ರೈವರಿನಿಂದ ಕಿವಿ ಹಿಂದೆ ಕೆರೆದುಕೊಂಡಳು. “ಸಾಹೇಬ್ರಿಗೆ ಹೇಳೋದಾದ್ರೆ ಬೇರೆ ಮಾತು. ಸಾಹೇಬ್ರಿಗೆ ಸುಳ್ಳು ಹೇಳೋದನ್ನ ಆಡಳಿತ ಅಂತಾರೆ.”

“ಆಡೋರು ಅವರು, ಅಳೋರು ನಾವು. ಅದಕ್ಕೇ ಆಡಳಿತ.”

“ಬಾಯ್ಮುಚ್ಕೊಂಡು ಕೇಳು.”

ಮ್ಯಾನೇಜರ ಕೋಣೆಯ ಗೋಡೆಯಲ್ಲೊಂದು ಸ್ಪೀಕರ್ ಪೆಟ್ಟಿಗೆಯಿತ್ತು. ಪ್ರಸಾರವಾಗುವುದನ್ನೆಲ್ಲ ಅವರು ಅದರಲ್ಲೇ ಕೇಳಬೇಕು. ಅದರ ತಂತಿ ಹೋಗುತ್ತಿದ್ದುದು ಅಕ್ಕನ ಕೈಕೆಳಗಿಂದ. ಅದನ್ನು ಇಲ್ಲಿಂದ ಕಿತ್ತು ಅಲ್ಲಿಗೆ ಚುಚ್ಚಿದರೆ ಮುಗಿಯಿತು: ಊರಿಗೆಲ್ಲ ಕೊಳಲು ಕಛೇರಿ, ಸಾಹೇಬರೊಬ್ಬರಿಗೆ ಸಾಹೇಬರ ಭಾಷಣ. ಕೇಳುಗ ಒಬ್ಬನೇ, ಪ್ರಸಾರ ಬೇರೆಯೇ.

“ಆ ಭಾಷಣ ಎಡಿಟ್ ಮಾಡಿದವಳು ನಾನು,” ಎಂದಳು ಅಕ್ಕ. “ಕೈ ಕುಲುಕೋದು ಹೇಗೆ ಅಂತ ಅರ್ಧ ಗಂಟೆ ಹೇಳಿದ್ದಾರೆ. ಊರಿನವರು ನನಗೇನು ಅನ್ಯಾಯ ಮಾಡಿದ್ದಾರೆ?”

ನಾಲ್ಕಾಯಿತು. ಅಕ್ಕ ತಂತಿ ಬದಲಿಸಿ, ಇವತ್ತು ಹರಟೆಯಿಲ್ಲ, ಕೊಳಲಿದೆ ಎಂದು ಊರಿಗೆ ಪ್ರಾಮಾಣಿಕವಾಗಿ ತಿಳಿಸಿದಳು. ಕಾರಿಡಾರಿನ ಕೊನೆಯಿಂದ ಮ್ಯಾನೇಜರ ಗಂಭೀರ ಧ್ವನಿ ಮ್ಯಾನೇಜರಿಗೇ ಉಪದೇಶ ಮಾಡುತ್ತಿದ್ದುದು ಕೇಳಿಸಿತು. ಅದು ಮುಗಿಯುತ್ತಲೂ ಗಿಳಿ ಸ್ಟೀಲ್ ಲೋಟವೊಂದನ್ನು ಬಾಯಿಗೆ ಅಡ್ಡ ಹಿಡಿದ. ಲೋಟದೊಳಗೆ ಮಾತಾಡಿದರೆ ಥೇಟ್ ಫೋನಿನ ಧ್ವನಿ.

“ಹಲೋ, ನಾನು ಬಸ್ ಕಂಡಕ್ಟರು. ಭಾಷಣ ಬಸ್ಸಲ್ಲೇ ಹಾಕಿದ್ವಿ. ಪ್ಯಾಸೆಂಜರೆಲ್ಲ ಮಲ್ಕೊಂಡ್ರು. ಅದು ಪರವಾಗಿಲ್ಲ ಸಾರ್. ಡ್ರೈವರೂ ತೂಕಡಿಸೋಕೆ ಶುರು ಮಾಡಿದ.”

ಅಕ್ಕ ಕರ್ಚೀಫು ಬಾಯಿಗೆ ತುರುಕಿಕೊಂಡಳು.

“ಅಣ್ಣಾ, ನಮ್ಮ ಪಾಪು ಹಗಲಲ್ಲಿ ಮಲಗಿದ್ದೇ ಇಲ್ಲ,” ಇದು ಎಳೇ ಬಾಣಂತಿಯ ಧ್ವನಿ. “ಇವತ್ತು ಗೊರಕೆ ಹೊಡೀತಿದೆ. ಆ ಸಾರ್‌ನ ನಮ್ಮನೇಗೆ ಒಂದು ವಾರ ಕಳಿಸಿಕೊಡ್ತೀರಾ?”

ಮೂರನೆಯವನು ಕ್ಷೌರದಂಗಡಿಯವನು. “ಸದಾ ನಗ್ತಾ ಇರಿ ಅಂದ್ರಲ್ಲ ಸಾರ್, ಗಿರಾಕಿ ಶೇವಿಂಗ್ ನಡುವೆ ನಕ್ಕುಬಿಟ್ರು. ಈಗ ಪ್ಲಾಸ್ಟರು ಅಂಟಿಸ್ತಾ ಇದ್ದೀನಿ. ಅವರಿಗೆ ಗೆಲುವು, ನನಗೆ ಗುಟ್ಟಾಗಿ ನಾಲ್ಕು ಬೈಗುಳ.”

ಗಿಳಿ ನಾಲ್ಕನೇ ಧ್ವನಿಗೆ ಗಂಟಲು ಸರಿಮಾಡಿಕೊಳ್ಳುತ್ತಿದ್ದಾಗ ಸ್ಟುಡಿಯೋದ ಫೋನು ನಿಜವಾಗಿಯೂ ಬಡಿದುಕೊಂಡಿತು. ಎತ್ತಿದ.

“ಹಲೋ, ನಾನೊಬ್ಬ ಸಾಮಾನ್ಯ ಕೇಳುಗ,” ಎಂದಿತೊಂದು ಧ್ವನಿ. ಹುಣಸೆಬೀಜ ನುಂಗಿಕೊಂಡು ಮಾತಾಡಿದಂತಿತ್ತು. “ಇವರೆಲ್ಲ ಹೊಟ್ಟೆಕಿಚ್ಚಿಗೆ ಮಾತಾಡ್ತಾರೆ. ಭಾಷಣ ಅದ್ಭುತವಾಗಿತ್ತು. ನಮ್ಮ ಮನೆಯವರೆಲ್ಲ ಎದ್ದು ನಿಂತು ಚಪ್ಪಾಳೆ ಹೊಡೆದ್ವಿ. ಅರ್ಥ ಆಯ್ತಲ್ಲ?”

ಗಿಳಿಯ ಮೈ ಜುಮ್ಮೆಂದಿತು. ಸಾಹೇಬರು ಧ್ವನಿ ಬದಲಾಯಿಸಿಕೊಂಡು ತಮ್ಮನ್ನು ತಾವೇ ಹೊಗಳಿಕೊಳ್ಳುತ್ತಿದ್ದಾರೆ. ಕುಶಾಲಿಗೆ ಇದಕ್ಕಿಂತ ಇನ್ನೇನು ಬೇಕು? ಅಷ್ಟರಲ್ಲಿ ಆ ಧ್ವನಿಯ ಹಿಂದೆ ಸಣ್ಣಗೆ ಏನೋ ಪಿರಿಪಿರಿ ಕೇಳಿಸಿತು. ಹತ್ತು ವರ್ಷದಿಂದ ದಿನಕ್ಕೆ ಹತ್ತು ಸಲ ಹೇಳಿ ಹೇಳಿ ನಾಲಿಗೆಗೆ ಅಂಟಿಕೊಂಡಿದ್ದ ಮಾತು, ತಲೆಯನ್ನು ಕೇಳದೆ ತಾನಾಗಿ ಹೊರಬಿತ್ತು:

“ಸಾರ್, ನಿಮ್ಮ ಪಕ್ಕದ ರೇಡಿಯೋ ಸೌಂಡ್ ಸ್ವಲ್ಪ ಕಮ್ಮಿ ಮಾಡ್ತೀರಾ?”

“ಹಾಂ, ಒಂದ್ನಿಮಿಷ,” ಎಂದಿತು ಧ್ವನಿ.

ಆಮೇಲೆ ಮಾತಿಲ್ಲ. ಕೊಳಲು ಮಾತ್ರ.

ಗಿಳಿಗೆ ಆಗ ಹೊಳೆಯಿತು. ತಮ್ಮ ಕೋಣೆಯ ಫೋನಿನಿಂದ ಮಾಡಿದರೆ ಸಿಕ್ಕಿಬೀಳುತ್ತೇನೆಂದು ಸಾಹೇಬರು ಕೆಳಗಿಳಿದು ಗೇಟಿನ ವಾಚ್‌ಮನ್ ಫೋನು ಇಸ್ಕೊಂಡಿದ್ದಾರೆ. ವಾಚ್‌ಮನ್ ಕುರ್ಚಿಯ ಪಕ್ಕ ಒಂದು ರೇಡಿಯೋ ಇದೆ. ಸಿಟ್ಟಿನ ಭರದಲ್ಲಿ ಅದನ್ನು ಗಮನಿಸದಿದ್ದವರಿಗೆ ಇವನೇ ಕೈತೋರಿಸಿ ಕೇಳಿಸಿದ್ದಾನೆ.

ಫೋನಿನಲ್ಲಿ ಗುಸುಗುಸು. ಮತ್ತೆ ಬಂದದ್ದು ಬೇರೆ ಧ್ವನಿ. “ಏನೋ ಗಿಳಿ, ನಮ್ಮ ಹೊತ್ತಲ್ಲಿ ಕೊಳಲು ಊದಿಸ್ಕೊಂಡು ಕೂತಿದ್ದೀಯ? ನನ್ನ ಮಂಡಿ ಕತೆ ಯಾರಿಗೆ ಹೇಳ್ಲಿ?”

ಅಜ್ಜಿ. ಗಿಳಿಗೆ ಹೋದ ಜೀವ ಬಂದಂತಾಯಿತು. ವಾಚ್‌ಮನ್ ಫೋನಿಗೆ ಅಜ್ಜಿ ಎಲ್ಲಿಂದ ಬರಬೇಕು? ಅಂದರೆ ಸಾಹೇಬರಿಗೆ ಸಿಟ್ಟಿಲ್ಲ. ಅವರೂ ಆಟಕ್ಕಿಳಿದಿದ್ದಾರೆ, ಅಜ್ಜಿಯ ಧ್ವನಿ ತೆಗೆಯುತ್ತಿದ್ದಾರೆ. ಅನುಕರಣೆಯ ವಿಷಯ ಬಂದರೆ ಮಾತ್ರ ಅವನಿಗೆ ಸುಮ್ಮನಿರಲಾಗುವುದಿಲ್ಲ.

“ಸಾರ್, ಅಜ್ಜಿ ನಿಮಗೆ ಒಗ್ಗಲ್ಲ ಬಿಡಿ. ಮೂಗಿಂದ ತೆಗೀತಿದ್ದೀರಿ. ಆ ಮುದುಕಿಗೆ ಬಾಯಲ್ಲಿ ಒಂದು ಹಲ್ಲಿಲ್ಲ. ತುಟಿ ಒಳಗೆಳ್ಕೊಂಡು, ಮಾತಿಗೊಂದ್ಸಲ ನರಳ್ಬೇಕು. ಕೇಳಿ ಹೀಗೆ: ಅಯ್ಯಪ್ಪಾ ನನ್ ಮಂಡೀ...”

“ಲೋ ಮುಠ್ಠಾಳ, ಹಲ್ಲು ಕಟ್ಟಿಸ್ಕೊಂಡು ಎರಡು ವರ್ಷ ಆಯ್ತು.”

“ಇದು ಚೆನ್ನಾಗಿತ್ತು ಸಾರ್. ಬೈಗುಳದಲ್ಲಿ ಸ್ವಲ್ಪ ಹತ್ತಿರ ಬಂದ್ರಿ.”

ಫ್ಯೂಸಕ್ಕ ಗಾಜು ಬಡಿಯುತ್ತಿದ್ದಳು. ಅವಳ ಬೆರಳು ಕಿಟಕಿಯಾಚೆ ಕೆಳಗೆ ತೋರಿಸುತ್ತಿತ್ತು. ಗಿಳಿ ಫೋನು ಹಿಡಿದೇ ಬಗ್ಗಿ ನೋಡಿದ. ಗೇಟಿನ ಹತ್ತಿರ ಏಳೆಂಟು ಜನ ನಿಂತಿದ್ದರು. ನಡುವೆ ಮ್ಯಾನೇಜರು, ಬಾಯಿ ಬಿಗಿಯಾಗಿ ಮುಚ್ಚಿಕೊಂಡು, ವಾಚ್‌ಮನ್ ಫೋನನ್ನು ಪುಟ್ಟ ಮುದುಕಿಯೊಬ್ಬಳ ಬಾಯಿಗೆ ಹಿಡಿದಿದ್ದರು. ಅವರ ತುಟಿ ಅಲುಗುತ್ತಿರಲಿಲ್ಲ. ಅಜ್ಜಿಯ ಬೈಗುಳ ಮಾತ್ರ ಧಾರಾಕಾರವಾಗಿ ಕಿವಿಗೆ ಬೀಳುತ್ತಲೇ ಇತ್ತು.

ಐದು ನಿಮಿಷದಲ್ಲಿ ಇಡೀ ಗುಂಪು ಮೆಟ್ಟಿಲು ಹತ್ತಿ ಬಂತು. ಮೇಷ್ಟ್ರು ಮುಂದೆ, ಮಂಡಿ ಹಿಡಿದುಕೊಂಡು ಅಜ್ಜಿ, ಕೊನೆಗೆ ಮ್ಯಾನೇಜರು. ಗಿಳಿ ಎದ್ದು ನಿಂತ. ಪಾತ್ರೆ ಅಂಗಡಿ ಅವನ ಕಣ್ಣಮುಂದೆ ಬಂತು.

“ಆ ಪ್ಲಾಸ್ಟರಿನ ಗಿರಾಕಿ ಹೇಗಿದ್ದಾರೆ?” ಎಂದರು ಮ್ಯಾನೇಜರು.

“ವಾಸಿ, ಸಾರ್.”

“ಪಾಪು?”

“ಎದ್ದಿದೆ, ಸಾರ್.”

“ನನ್ನ ಭಾಷಣಕ್ಕೆ ನಾಲ್ಕು ಫೋನು. ಮೂರು ನಿಂದು, ಒಂದು ನಂದು.” ಅವರು ಕರ್ಚೀಫು ತೆಗೆದು ಹಣೆ ಒರೆಸಿಕೊಂಡರು. “ಒಂದು ದಿನ ಹರಟೆ ಇಲ್ಲ ಅಂದಿದ್ದಕ್ಕೆ ಇಷ್ಟು ಜನ ಗೇಟಿಗೆ ಬಂದು ವಾಚ್‌ಮನ್ ಕಾಲರ್ ಹಿಡಿದಿದ್ದಾರೆ. ಸೋಪು ಸಿಗಲಿಲ್ಲ ಅಂತ ನನ್ನ ಕಾಲರ್ ಯಾರೂ ಹಿಡಿದಿರಲಿಲ್ಲ.”

“ಹಾಗಾದ್ರೆ ಸೋಮವಾರ ನಮ್ಮ ಹೊತ್ತು ಇದೆಯೋ ಇಲ್ವೋ?” ಅಜ್ಜಿ ಕೇಳಿದಳು.

“ಇದೆ, ಅಮ್ಮ. ಇವನೇ ಕೂರ್ತಾನೆ.” ಗಿಳಿ ಉಸಿರು ಬಿಡುವುದರೊಳಗೆ ಅವರು ಇತ್ತ ತಿರುಗಿದರು. “ಅಜ್ಜಿ ನನಗೆ ಬರಲ್ಲ ಅಂದೆ. ಆ ಸಾಮಾನ್ಯ ಕೇಳುಗನನ್ನ ಎಲ್ಲಿಂದ ತೆಗೀಬೇಕಿತ್ತು, ಅದನ್ನೂ ಹೇಳಿಕೊಡು.”

ಗಿಳಿ ಫ್ಯೂಸಕ್ಕನ ಮುಖ ನೋಡಿದ. ಅಕ್ಕ ಸೀಲಿಂಗ್ ನೋಡಿದಳು. ಬೇರೆ ದಾರಿ ಕಾಣದೆ ಅವನು ಲೋಟ ಎತ್ತಿಕೊಂಡು, ಸಾಹೇಬರು ಸಾಮಾನ್ಯ ಕೇಳುಗನಾಗಿ ಸಾಹೇಬರನ್ನು ಹೊಗಳುವುದನ್ನು ಹುಣಸೆಬೀಜದ ಸಮೇತ ಒಪ್ಪಿಸಿದ. “ಮನೆಯವರೆಲ್ಲ ಎದ್ದು ನಿಂತು ಚಪ್ಪಾಳೆ ಹೊಡೆದ್ವಿ. ಅರ್ಥ ಆಯ್ತಲ್ಲ?”

ಮೇಷ್ಟ್ರು ನಕ್ಕರು. ಅಜ್ಜಿ ಕಟ್ಟಿಸಿಕೊಂಡ ಹಲ್ಲನ್ನು ಕೈಯಿಂದ ಹಿಡಿದುಕೊಂಡು ನಕ್ಕಳು. ಅಕ್ಕನ ಕರ್ಚೀಫು ಬಾಯಿಂದ ಜಾರಿತು. ಎಲ್ಲರ ನಗುವನ್ನೂ ಮುಳುಗಿಸಿ ಬಾಗಿಲ ಕಡೆಯಿಂದ ಮತ್ತೊಂದು ಸದ್ದು ಬಂತು, ಕೆಟ್ಟುನಿಂತ ಲಾರಿ ತಳ್ಳಿ ತಳ್ಳಿ ಸ್ಟಾರ್ಟ್ ಆದ ಹಾಗೆ. ಮ್ಯಾನೇಜರು ಗೋಡೆಯ ಜಮಖಾನಕ್ಕೆ ಹಣೆಯಿಟ್ಟು, ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು, ಕೆಳಗಿನ ಹೊಲಿಗೆ ಅಂಗಡಿಯವನು ಮಿಷನ್ನು ನಿಲ್ಲಿಸಿ ತಲೆಯೆತ್ತಿ ನೋಡುವ ಹಾಗೆ ನಗುತ್ತಿದ್ದರು.