ಕಿಟಕಿಗೆ ಅಡ್ಡ ಇಟ್ಟ ಕಾದಂಬರಿ

ಸನವಳ್ಳಿಯ ಗ್ರಂಥಾಲಯ ನೋಡಿಕೊಳ್ಳುವ ಸೆಲಿನ್‌ಳ ಕಾನೂನು ಒಂದೇ: ಓದಿದ ಕಾದಂಬರಿ ಹೇಗಿತ್ತೆಂದು ಒಂದು ಮಾತು ಹೇಳದೆ ಇನ್ನೊಂದು ಸಿಗದು. ಹೀಗಾಗಿ ಅಲ್ಲಿಗೆ ಓದುವವರಿಗಿಂತ ಆ ಮಾತು ಕೇಳುವವರೇ ಹೆಚ್ಚು ಬರುತ್ತಿದ್ದರು. "ಹೀರೋಗ ಹೊಲಾನೂ ಇಲ್ಲ, ನೌಕರಿನೂ ಇಲ್ಲ, ದಿನಾ ಹೊಸಾ ಅಂಗಿ ಎಲ್ಲಿಂದ ಬರ್ತಾವ?" ಎಂದು ದಿನಾ ಪೇಪರು ಓದಲು ಬರುವ ದ್ಯಾಮಪ್ಪ ಒಂದು ಕಾದಂಬರಿಯ ಕಥೆ ಮುಗಿಸಿದ್ದ. ಸೆಲಿನ್ ಏನು ಕಡಿಮೆಯೇ? ಊರೇ ಮೆಚ್ಚಿದ ಪ್ರೇಮಕಥೆಗೆ, "ಒಂದು ಫೋನ್ ಮಾಡಿದ್ರ ಹತ್ತನೇ ಪುಟಕ್ಕ ಮುಗೀತಿತ್ತು," ಎಂದಿದ್ದಳು. ಅವಳಿಗೆ ಹಿಡಿಸುತ್ತಿದ್ದುದು ಕೊಲೆಯ ಕಾದಂಬರಿಗಳು. ಹಿಡಿಸದ ಒಂದು ದಪ್ಪ ಪುಸ್ತಕ, ಗಾಳಿಗೆ ಬಡಿದುಕೊಳ್ಳುವ ಕಿಟಕಿಗೆ ಅಡ್ಡ ಕೂತಿತ್ತು.

ಒಂದು ಮಧ್ಯಾಹ್ನ ಮುದುಕಿ ಶಿವಗಂಗವ್ವ ಬಂದಳು. ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟವಳು, ಮನೆಯಲ್ಲಿ ಹೊತ್ತು ಹೋಗದೆ ಈಗ ಓದಲು ಹೊರಟಿದ್ದಳು. ಸೆಲಿನ್ ಕಪಾಟಿನಲ್ಲಿ ಒಳ್ಳೆಯದೊಂದು ಕೊಲೆ ಹುಡುಕುವಷ್ಟರಲ್ಲಿ ಮುದುಕಿ ಕಿಟಕಿಯ ಪುಸ್ತಕವನ್ನೇ ಎತ್ತಿಕೊಂಡಳು.

"ಅದು ಬ್ಯಾಡ್ರಿ ಅವ್ವಾರ. ನಡುವ ಇನ್ನೂರು ಪುಟ ಬರೇ ಅಡಗಿ ಮಾಡ್ತಾರ, ಉಣ್ತಾರ. ಏನೂ ಆಗೂದಿಲ್ಲ."

"ಅಕ್ಷರ ದೊಡ್ಡವು ಅದಾವು. ಇದು ತಲಿಗೆ ಹತ್ತಲಿಲ್ಲಂದ್ರ ಓದೂದ ಬಿಟ್ಟಬಿಡ್ತೇನಿ ನೋಡವಾ."

ಮುದುಕಿ ವಾರ ಕಳೆದರೂ ಬರಲಿಲ್ಲ. ಸೆಲಿನ್‌ಗೆ ತಳಮಳ. ಮೊದಲ ತುತ್ತಿಗೇ ಕಲ್ಲು ಸಿಕ್ಕರೆ ಯಾರು ಉಣ್ಣುತ್ತಾರೆ? ಕೈಯಿಂದ ಕಸಿದುಕೊಂಡಾದರೂ ಬೇರೆ ಕೊಡಬೇಕಿತ್ತು ಎಂದು ತನ್ನನ್ನೇ ಬೈದುಕೊಂಡಳು.

ಕೊನೆಗೊಂದು ದಿನ ಶಿವಗಂಗವ್ವ ಬಂದು ಪುಸ್ತಕವನ್ನು ಮೇಜಿನ ಮೇಲಿಟ್ಟಳು. ದ್ಯಾಮಪ್ಪ ಪೇಪರು ಮಡಚಿ ಕಿವಿಗೊಟ್ಟ.

"ನೀ ಹೇಳಿದ್ದು ಖರೇ ಐತಿ. ನಡುವ ಏನೂ ಆಗೂದಿಲ್ಲ."

ಸೆಲಿನ್‌ಳ ಮುಖ ಸಣ್ಣದಾಯಿತು.

"ಎರಡು ವರ್ಷ ನಮ್ಮ ಮನ್ಯಾಗ ಬರೇ ಮಣ್ಣು ಮಾಡೂದ ಆತು. ನಮ್ಮ ಮನಿಯವರು ಹ್ವಾದ್ರು, ಅಕ್ಕ ಹ್ವಾದ್ಲು. ಈ ಪುಸ್ತಕದ ಮನ್ಯಾಗ ಇನ್ನೂರು ಪುಟ ಒಬ್ಬರೂ ಸಾಯಲಿಲ್ಲ. ದಿನಾ ಒಲಿ ಹಚ್ತಾರ, ಉಂಡ್ರೇನು ಅಂತ ಕೇಳ್ತಾರ. ಲಗೂ ಮುಗೀಬಾರ್ದು ಅಂತ ಸಾವಕಾಶ ಓದಿದೆ. ಇಂಥಾದ್ದ ಇನ್ನೊಂದು ಕೊಡು, ಯಾರೂ ಸಾಯಬಾರ್ದು."

ಸೆಲಿನ್ ಕಪಾಟಿನತ್ತ ತಿರುಗಿದಳು. ಅವಳು ಹೊಗಳಿದ ಪುಸ್ತಕಗಳಲ್ಲೆಲ್ಲ ಮೂರನೇ ಪುಟಕ್ಕೇ ಹೆಣ. ಹುಡುಕಿ ಹುಡುಕಿ, ಕೊನೆಗೆ ಆ ಪ್ರೇಮಕಥೆಯನ್ನೇ ತೆಗೆದು ಕೊಟ್ಟಳು.

"ಭಾಳ ತಡಾ ಮಾಡ್ತಾರ್ರಿ ಅವ್ವಾರ. ಆದ್ರ ಇಬ್ಬರೂ ಬದುಕ್ತಾರ."

ಸಂಜೆ ಕಿಟಕಿಗೆ ಒಂದು ಇಟ್ಟಿಗೆ ಅಡ್ಡ ಬಂತು. ದಪ್ಪ ಪುಸ್ತಕವನ್ನು ಸೆಲಿನ್ ಮನೆಗೆ ಒಯ್ದಳು.