ನ್ಯೂಟ್ರಾನಿನ ಮೈನಸ್

ರೋಣದ ಕಾಲೇಜಿನಲ್ಲಿ ಸಿದ್ದಲಿಂಗ ಸರ್ ಕೈಕೆಳಗೆ ನಿರ್ಮಲಾ, ಹುಸ್ನಾ ಇಬ್ಬರದೂ ಒಂದೇ ಸಂಶೋಧನೆ. ಬೆಳಕು ಪ್ರೋಟಾನಿಗೋ ನ್ಯೂಟ್ರಾನಿಗೋ ಬಡಿದಾಗ ಮೆಸಾನ್ ಎಂಬ ಕಣ ಹುಟ್ಟುತ್ತದೆ. ಅದು ಎಷ್ಟು ಹುಟ್ಟೀತು, ಯಾವ ಕೋನಕ್ಕೆ ಹಾರೀತು ಎಂಬುದನ್ನು ಅವುಗಳ ಒಳಗಿರುವ ಕ್ವಾರ್ಕು ಎಂಬ ಇನ್ನೂ ಸಣ್ಣ ಕಣಗಳಿಂದ ಲೆಕ್ಕ ಹಾಕುವುದು. ಮುಂದಿನ ವರ್ಷ ಸಂಶೋಧನೆ ಮುಂದುವರಿಸಲು ಒಬ್ಬರಿಗಷ್ಟೇ ಜಾಗ; ಯಾರಿಗೆಂಬುದು ಸೆಮಿನಾರಿನಲ್ಲಿ ತೀರ್ಮಾನವಾಗಲಿತ್ತು.

ಅವರಿಬ್ಬರಲ್ಲಿ ಒಂದು ರೂಢಿ. ಒಬ್ಬಳು ಕಂಪ್ಯೂಟರಿನಲ್ಲಿ ಮಾಡಿದ್ದನ್ನು ಇನ್ನೊಬ್ಬಳು ಕೈಯಿಂದ ಮಾಡಿ ನೋಡಬೇಕು, ಆಮೇಲೆಯೇ ಅದು ಹೊರಗೆ ಹೋಗಬೇಕು.

ಸೆಮಿನಾರಿನ ಹಿಂದಿನ ದಿನ ಹುಸ್ನಾಳ ಲೆಕ್ಕ ನೋಡುತ್ತಿದ್ದ ನಿರ್ಮಲಾಳ ಪೆನ್ನು ಗಕ್ಕನೆ ನಿಂತಿತು. ಪ್ರೋಟಾನಿನಿಂದ ನ್ಯೂಟ್ರಾನಿಗೆ ಬರುವಾಗ ಒಂದು ಕಡೆ ಪ್ಲಸ್ ಹೋಗಿ ಮೈನಸ್ ಆಗಬೇಕಿತ್ತು. ಆಗಿರಲಿಲ್ಲ. ಮೆಸಾನ್ ಎಷ್ಟು ಹುಟ್ಟೀತು ಎಂಬ ಒಟ್ಟು ಮೊತ್ತದಲ್ಲಿ ಈ ತಪ್ಪು ಕಾಣುವುದಿಲ್ಲ. ಕೋನ ಕೇಳಿದರೆ ಮಾತ್ರ ಬಯಲಾಗುತ್ತದೆ.

"ಹ್ಯಾಂಗ ಐತಿ?" ರೊಟ್ಟಿಯ ಡಬ್ಬಿ ಬಿಚ್ಚುತ್ತ ಹುಸ್ನಾ ಕೇಳಿದಳು.

"ಲೆಕ್ಕ ಬರೋಬ್ಬರಿ ಐತಿ. ಧೈರ್ಯಲೇ ಹೇಳ," ಎಂದ ನಿರ್ಮಲಾ ಅವಳ ಡಬ್ಬಿಗೇ ಕೈ ಹಾಕಿದಳು.

ಮರುದಿನ ಹುಸ್ನಾ ಚೆನ್ನಾಗಿಯೇ ಹೇಳಿದಳು. ಹೊರಗಿನಿಂದ ಬಂದಿದ್ದ ಪ್ರೊಫೆಸರು ತಲೆದೂಗಿದರು. ಆಗ ನಿರ್ಮಲಾ ಎದ್ದು ನಿಂತಳು.

"ನ್ಯೂಟ್ರಾನಿನ ಕೋನದ ಲೆಕ್ಕಾ ಸ್ವಲ್ಪ ತೋರಸ್ತೀಯೇನು?"

ಹುಸ್ನಾ ಅದೇ ನಗುಮುಖದಲ್ಲಿ ತೋರಿಸಿದಳು. ಪರದೆಯ ಮೇಲೆ, ಪ್ರಯೋಗದಲ್ಲಿ ಅಳೆದ ಚುಕ್ಕಿಗಳು ಮುಂದಕ್ಕೆ ಏರಿದ್ದವು. ಅವಳ ಗೆರೆ ಹಿಂದಕ್ಕೆ.

"ಮೆಸಾನ್ ಗಜೇಂದ್ರಗಡಕ್ಕ ಹೊಂಟ್ರ ನಿನ್ನ ಗೆರಿ ನರಗುಂದಕ್ಕ ಹೊಂಟೈತಲ್ಲವಾ!" ಎಂದರು ಸಿದ್ದಲಿಂಗ ಸರ್. ಕೋಣೆಯೆಲ್ಲ ಗೊಳ್ಳೆಂದಿತು.

ಹುಸ್ನಾ ತಿರುಗಿ ನೋಡಿದಳು. "ನಿನ್ನಿ ನೀನ ನೋಡಿದ್ಯಲ್ಲ ನಿಮ್ಮಿ?"

"ನಾ ಯಾವಾಗ ನೋಡೀನಿ? ನಿನ್ನ ತಪ್ಪ ತಂದು ನನ್ನ ಕೊಳ್ಳಾಗ ಕಟ್ಟಬ್ಯಾಡ."

ಎಲ್ಲಿ, ಏನು ತಪ್ಪಿದೆ ಎಂದು ಪ್ರೊಫೆಸರು ಕೇಳಿದರು. ನಿರ್ಮಲಾ ಬೋರ್ಡಿನ ಮುಂದೆ ಹೋಗಿ ತಟ್ಟನೆ ಬರೆದು ತೋರಿಸಿದಳು. ಜಾಗ ಅವಳದಾಯಿತು.

ಸಂಜೆ ಇಬ್ಬರೂ ಊರಿಗೆ ಹೋಗುವ ಬಸ್ಸು ಒಂದೇ. ಕಿಟಕಿಯ ಬಳಿ ಕೂತಿದ್ದ ಹುಸ್ನಾಳ ಮಗ್ಗುಲಿಗೇ ನಿರ್ಮಲಾ ಬಂದು ಕೂತಳು. ಬಸ್ಸು ರೋಣ ದಾಟಿದ ಮೇಲೆ ಫೋನು ಕೈಗೆ ತೆಗೆದುಕೊಂಡಳು.

"ನಿನ್ನ ಲೆಕ್ಕದ ಪ್ರೋಗ್ರಾಮ್ ಕಳಸಿಬಿಡ. ಸರ್ ಹೇಳ್ಯಾರ. ಮೈನಸ್ ನಾ ಹಾಕೋತೀನಿ."

ಮೂರು ವರ್ಷ ಹುಸ್ನಾ ಕೂತು ಬರೆದದ್ದು. ಅವಳು ಫೋನು ತೆಗೆದು ಕಳಿಸಿದಳು. ನಿರ್ಮಲಾಳ ಕೈಯಲ್ಲಿ ಫೋನು ಗುಂಯ್ ಎಂದಿತು.

"ಬಂತ," ಎಂದಳು.

ಹುಸ್ನಾ ಎದ್ದು, ಅವಳ ಮೊಣಕಾಲು ದಾಟಿ, ಮುಂದೆ ಹೋಗಿ ಕಂಬಿ ಹಿಡಿದು ನಿಂತಳು. ನಿರ್ಮಲಾ ಕಿಟಕಿಗೆ ಸರಿದಳು. ಪಕ್ಕದ ಖಾಲಿ ಜಾಗದಲ್ಲಿ ತನ್ನ ಬ್ಯಾಗು ಇಟ್ಟುಕೊಂಡಳು.