ಕೊನೆಯ ದೇವದೂತೆ

ಚರ್ಚಿನಲ್ಲಿ ಮೇಣದಬತ್ತಿ ಇಡುವ ಕಬ್ಬಿಣದ ಸ್ಟ್ಯಾಂಡನ್ನು ಹಳೇ ಪೇಪರಿನ ಮೇಲೆ ಮಲಗಿಸಿಕೊಂಡು ಮೊಮ್ಮಗಳು ಮೊಂಡು ಚಾಕುವಿನಿಂದ ಮೇಣ ಕೆರೆಯುತ್ತಿದ್ದಳು. ಅಜ್ಜಿ ಬೆಂಚಿನಲ್ಲಿ ಕೂತು ಮೇಣದ ಚೂರುಗಳನ್ನು ಡಬ್ಬಕ್ಕೆ ತುಂಬುತ್ತಿದ್ದಳು. ಮೊಮ್ಮಗಳದು ಮೊದಲೇ ಮಾತು ಕಮ್ಮಿ. ಇಬ್ಬರ ಕಿವಿಯೂ ಮೇಲಿತ್ತು. ಅಲ್ಲಿ, ಗೋಡೆಗೆ ಕಟ್ಟಿದ ಸಾರ್ವೆಯ ಮೇಲೆ, ಗೋಡೆ ಡಾಕ್ಟರಮ್ಮ ಹತ್ತಿಯನ್ನು ಕಡ್ಡಿಗೆ ಸುತ್ತುತ್ತಿದ್ದರು.

ಹಳೆಯ ಚಿತ್ರಗಳನ್ನು ಉಳಿಸುವ ಕೆಲಸ ಅವರದು. ಆ ಹೆಸರು ಊರಿನವರು ಇಟ್ಟಿದ್ದು.

ಚರ್ಚು ಎದ್ದಿದ್ದು ಅಜ್ಜಿ ಚಿಕ್ಕ ಹುಡುಗಿಯಾಗಿದ್ದಾಗ. ಎಲ್ಲಿಂದಲೋ ಬಂದ ಚಿತ್ರಗಾರ ಗೋಡೆಯ ತುಂಬ ಊರಿನವರ ಮುಖಗಳನ್ನೇ ಬರೆದುಬಿಟ್ಟಿದ್ದ. ಬಲೆ ಎಳೆಯುವ ಶಿಷ್ಯ ಪೇತ್ರನಿಗೆ ಬೇಕರಿಯವನ ಮುಖ. ಯೇಸುವನ್ನು ಹಿಡಿದುಕೊಟ್ಟ ಯೂದನಿಗೆ ದರ್ಜಿಯದು. ದರ್ಜಿಯ ಮನೆಯವರು ಇವತ್ತಿಗೂ ಆ ಗೋಡೆಯ ಕಡೆ ಕೂರುವುದಿಲ್ಲ. ದೇವದೂತರ ಸಾಲಿನಲ್ಲಿ ಕೊನೆಯವಳು ಅಜ್ಜಿಯ ಅಕ್ಕ.

ಅಕ್ಕ ಅದೇ ವರ್ಷ ಜ್ವರದಲ್ಲಿ ತೀರಿಕೊಂಡಳು. ಮನೆಯಲ್ಲಿ ಅವಳದೊಂದೂ ಫೋಟೋ ಇರಲಿಲ್ಲ. ತಾಯಿ ಚಿತ್ರದ ಕೆಳಗೇ ಸ್ಟ್ಯಾಂಡು ಇಡಿಸಿ ದಿನಾ ಬತ್ತಿ ಹಚ್ಚಿದಳು. ತಾಯಿಯ ನಂತರ ಅಜ್ಜಿ ಹಚ್ಚಿದಳು. ಹೊಗೆ ತನ್ನ ಪಾಡಿಗೆ ತಾನು ಮೇಲೇರಿತು. ಉಳಿದ ದೇವದೂತರೆಲ್ಲ ತಿಳಿಯಾಗಿಯೇ ಇದ್ದಾರೆ. ಇವಳೊಬ್ಬಳು ಕೊರಳಿಂದ ಮೇಲೆ ಬರೀ ಕಪ್ಪು.

"ಮುಖಕ್ಕೆ ಮಸಿ ಬಳಿಯೋದು ಅಂದ್ರೆ ಇದೇ ನೋಡು," ಎಂದಳು ಅಜ್ಜಿ. "ಕೈಯಾರೆ ಬಳಿದ್ವಿ."

ಡಾಕ್ಟರಮ್ಮ ಮೇಲಿನಿಂದ ಬಗ್ಗಿದರು. "ಅಜ್ಜಿ, ಮೊದಲೇ ಹೇಳ್ತೀನಿ. ಗಾರೆ ಹಸಿ ಇದ್ದಾಗ ಬರೆದಿದ್ರೆ ಬಣ್ಣ ಗೋಡೆಯೊಳಗೆ ಇಳಿದಿರುತ್ತೆ, ಮಸಿ ಮಾತ್ರ ಬರುತ್ತೆ. ಒಣಗಿದ ಮೇಲೆ ಬರೆದಿದ್ರೆ ಎರಡೂ ಒಟ್ಟಿಗೇ ಬಂದುಬಿಡುತ್ತೆ."

"ಹೋದ್ರೆ ನೀನೇ ಒಂಚೂರು ಬರೆದುಬಿಡಮ್ಮ. ನನ್ನ ಮೂಗು ನೋಡ್ಕೊಂಡು ಬರಿ, ನಮ್ಮನೇದೆಲ್ಲ ಒಂದೇ ಅಚ್ಚು."

"ಹಾಗೆ ಮಾಡೋ ಹಾಗಿಲ್ಲ. ಸರ್ಕಾರದ ರಕ್ಷಣೇಲಿರೋ ಗೋಡೆ ಇದು. ಹೋದ್ರೆ ಖಾಲಿ ಗಾರೆ ಹಾಗೇ ಬಿಡಬೇಕು."

ಏಣಿ ಹಿಡಿದು ನಿಂತಿದ್ದ ಪಾದ್ರಿಗಳು ಗಂಟಲು ಸರಿಮಾಡಿಕೊಂಡರು. "ಹಾಗಾದ್ರೆ ಮುಟ್ಟದೇ ಇರೋದೇ ವಾಸಿಯೇನೋ. ಮಸಿಯೊಳಗೆ ಇದ್ದಾಳೆ ಅಂತಾದ್ರೂ ಅಂದ್ಕೋಬಹುದು."

ಅಜ್ಜಿ ಡಬ್ಬದ ಮುಚ್ಚಳ ಹಾಕಿದಳು. "ಅಂದ್ಕೊಂಡಿದ್ದು ಸಾಕು ಫಾದರ್. ಒರೆಸಮ್ಮ." ಆಮೇಲೆ ಮೊಮ್ಮಗಳ ಕಡೆ ತಿರುಗಿದಳು. "ನನ್ನ ಮಂಡಿ ಏಣಿ ಹತ್ತಲ್ಲ, ಕಣ್ಣಿಗೆ ಪೊರೆ. ನೀನು ಹೋಗು. ಬಾಯಿಗೆ ಹಾಕಿರೋ ಬೀಗ ಇವತ್ತೊಂದಿನ ತೆಗಿ, ನೋಡಿ ಹೇಳು."

ಮೊಮ್ಮಗಳು ಹತ್ತಿದಳು. ಪಾದ್ರಿಗಳೂ ಹಿಂದೆಯೇ ಹತ್ತಿದರು.

ಕಡ್ಡಿಯ ಹತ್ತಿ ಕಪ್ಪಾಯಿತು. ಇನ್ನೊಂದು, ಮತ್ತೊಂದು. ಪ್ರತಿಯೊಂದನ್ನೂ ಡಾಕ್ಟರಮ್ಮ ಬೆಳಕಿಗೆ ಹಿಡಿದು ಬಣ್ಣ ಬಂತೇ ಎಂದು ನೋಡುತ್ತಿದ್ದರು. ಬರೀ ಮಸಿ. ಗದ್ದ ಮೂಡಿತು. ಆಮೇಲೆ ಕೆನ್ನೆ. ಕೆಳಗಿಂದ ನುಣ್ಣಗೆ ಕಾಣುತ್ತಿದ್ದ ಗೋಡೆ ಇಲ್ಲಿ ಬೆರಳಗಲದ ಗೀಟುಗಳ ರಾಶಿ. ಕೆನ್ನೆಯೊಳಗೆ ಹಸಿರು, ಕಿವಿಯ ಹತ್ತಿರ ನೇರಳೆ. ಇದು ಮುಖವೇ ಹೌದೇ ಎಂದು ಮೊಮ್ಮಗಳಿಗೆ ದಿಗಿಲಾಯಿತು. ಬೆನ್ನು ಸಾರ್ವೆಯ ಕಂಬಕ್ಕೆ ತಾಗುವಷ್ಟು ಹಿಂದೆ ಸರಿದಳು.

ಗೀಟುಗಳೆಲ್ಲ ಒಮ್ಮೆಗೇ ಒಂದಾದವು.

ಬೇರೆ ದೇವದೂತರು ಸ್ವರ್ಗದ ಕಡೆ ಮುಖ ಮಾಡಿದ್ದರು. ಇವಳು ನೇರ ಎದುರಿಗೆ ನೋಡುತ್ತಿದ್ದಳು, ಪೂಜೆಯ ನಡುವೆ ಯಾರೋ ಚಿವುಟಿದಂತೆ, ಉಕ್ಕುವ ನಗೆಯನ್ನು ತುಟಿಯೊಳಗೆ ಅದುಮಿಕೊಂಡು. ಕೆಳತುಟಿ ಈಗಷ್ಟೇ ಒದ್ದೆಯಾದಂತಿತ್ತು. ಕಿವಿಯ ಕೆಳಗೆ ಗಾರೆಯಲ್ಲಿ ಚಿತ್ರಗಾರನ ಹೆಬ್ಬೆರಳು ಒತ್ತಿದ ಗುಳಿ ಹಾಗೇ ಉಳಿದಿತ್ತು. ಪಾದ್ರಿಗಳು ಕನ್ನಡಕ ತೆಗೆದವರು ಮತ್ತೆ ಹಾಕಿಕೊಳ್ಳುವುದನ್ನು ಮರೆತರು. ಡಾಕ್ಟರಮ್ಮನ ಕೈಯ ಹತ್ತಿಯಿಂದ ನೀರು ತೋಳಿಗೆ ಇಳಿಯುತ್ತಿತ್ತು.

"ಬಂದ್ಲಾ?" ಎಂದಳು ಅಜ್ಜಿ ಕೆಳಗಿಂದ.

ಮೊಮ್ಮಗಳು ಬಗ್ಗಿ ತಲೆಯಾಡಿಸಿದಳು; ಅಜ್ಜಿಯ ಪೊರೆಗಣ್ಣಿಗೆ ಅದು ಕಾಣಲಿಲ್ಲ.

"ಹೇಗಿದ್ದಾಳೆ ಅಂತ ಒಂಚೂರು ಹೇಳ್ರೇ."